ಅರವತ್ತೆಂಟಕ್ಕೆ ಮೂರು ದಿನ

ಸುಳ್ಳು ಹೇಳಲು ನನಗೆ ಬರುವುದಿಲ್ಲ. ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ, ಕೆಲವರಿಗೆ ಸಿಳ್ಳೆ ಹಾಕಲು ಬರುವುದಿಲ್ಲವಲ್ಲ, ಹಾಗೆ. ತೋರ್ವಿಕ್ ಊರಿನ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಸೌಟು ಹಿಡಿದವಳು ನಾನು, ಲೆಂಪಿ ಹರ್ಯು. ಒಮ್ಮೆ ಜಿಲ್ಲೆಯ ದೊಡ್ಡ ಅಧಿಕಾರಿಯೊಬ್ಬ ಬಂದು ಬಟಾಣಿ ಸೂಪು ಕುಡಿದು, "ಬಹಳ ಚೆನ್ನಾಗಿದೆ ಲೆಂಪಿಯವ್ರೇ" ಎಂದಾಗ, "ಇಲ್ಲ, ಇವತ್ತು ನೀರು ಜಾಸ್ತಿ ಆಗಿದೆ" ಎಂದುಬಿಟ್ಟೆ. ಆತ ಕೆಳಗಿಟ್ಟ ಚಮಚವನ್ನು ಮತ್ತೆ ಎತ್ತಲಿಲ್ಲ.

ಇಂಥ ನಾನು ಹೋದ ಫೆಬ್ರುವರಿಯಲ್ಲಿ ಮಾಡಿದ ಕೆಲಸವನ್ನು ಊರು ಇನ್ನೂ ಆಡಿಕೊಂಡು ನಗುತ್ತಿದೆ. ನಗಲಿ. ಅವರ ಬಾಯಲ್ಲಿ ಅದು ದಿನಕ್ಕೊಂದು ಬಣ್ಣ ಕಟ್ಟಿಕೊಳ್ಳುತ್ತದೆ. ನಡೆದದ್ದನ್ನು ನಡೆದ ಹಾಗೆ ನಾನೇ ಹೇಳಿಬಿಡುತ್ತೇನೆ.

ಅಮೆರಿಕದ ಸುಪೀರಿಯರ್ ಸರೋವರದ ದಡದಲ್ಲಿ, ಫಿನ್ಲೆಂಡ್, ನಾರ್ವೆಗಳಿಂದ ಬಂದು ನೆಲೆಸಿದವರ ಒಂದೇ ಬೀದಿಯ ಊರು ನಮ್ಮದು. ನನ್ನ ಅಡುಗೆಮನೆಯ ಕಿಟಕಿಗೆ ಎದುರಾಗಿ, ಬೀದಿಯ ಆಚೆ, ರಾಸ್ಮುಸ್ ಟ್ವೈಟನ ಮನೆ. ಪಾತ್ರೆ ತೊಳೆಯುತ್ತ ತಲೆಯೆತ್ತಿದರೆ ಕಣ್ಣಿಗೆ ಬೀಳುವುದೇ ಅವನ ಮುಂದಿನ ಕಿಟಕಿ. ಅವನು ಮೂವತ್ತನಾಲ್ಕು ವರ್ಷ ಅದಿರು ಹೊರುವ ಹಡಗುಗಳ ಬಾಯ್ಲರ್ ಕೋಣೆಯಲ್ಲಿ ದುಡಿದವನು. ಮದುವೆಗೆ ಬಿಡುವಾಗಲಿಲ್ಲ. ನನಗೂ ಆಗಲಿಲ್ಲ, ಕೇಳಿದವರು ಇಬ್ಬರು, ಒಬ್ಬ ಕುಡುಕ, ಇನ್ನೊಬ್ಬ ನನ್ನ ಉತ್ತರ ಬರುವ ಮೊದಲೇ ಹೆದರಿ ಓಡಿದ. ಹನ್ನೆರಡು ವರ್ಷದ ಹಿಂದೆ ರಾಸ್ಮುಸ್ ಹಡಗಿಳಿದು ಈ ಮನೆ ಸೇರಿದ. ಅಷ್ಟು ವರ್ಷ ಹಬೆಯಲ್ಲಿ ಬೆಂದ ಮೈ, ನಮ್ಮ ಚಳಿಗೆ ಮಂಡಿ ಎರಡೂ ಮುಷ್ಕರ ಹೂಡಿದವು. ಹಾಗಾಗಿ ನವೆಂಬರ್ ಬಂತೆಂದರೆ ಅರಿಜೋನಾದ ಮರಳುಗಾಡಿನಲ್ಲಿದ್ದ ತಮ್ಮನ ಮನೆಗೆ ಬಸ್ಸು ಹತ್ತುವನು, ಏಪ್ರಿಲಿನಲ್ಲಿ ಮರಳುವನು.

ಮೊದಲ ವರ್ಷ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನನ್ನ ಬಾಗಿಲಿಗೆ ಬಂದ.

"ಹೆಚ್ಚೇನಿಲ್ಲ ಲೆಂಪಿ. ಪ್ರತಿ ಸೋಮವಾರ ಒಂದ್ಸಲ ಬಂದು, ಮನೆ ಹೇಗಿದೆ, ಥರ್ಮೋಸ್ಟಾಟಿನ ಮುಳ್ಳು ಎಲ್ಲಿದೆ ಅಂತ ನೋಡಿದ್ರೆ ಸಾಕು. ತೊಂದ್ರೆ ಅಂದ್ರೆ ಬೇಡ."

"ತೊಂದ್ರೆ ಏನಿಲ್ಲ."

"ಇಲ್ಲ ಇಲ್ಲ, ತೊಂದ್ರೆ ಆಗುತ್ತೆ."

"ಆಗಲ್ಲ ಅಂದ್ನಲ್ಲ."

"ಆದ್ರೂ ನಿಮ್ಗೆ ತೊಂದ್ರೆ..."

ನಮ್ಮಲ್ಲಿ ಮೂರು ಸಲ ಬೇಡ ಎನ್ನದೆ ಯಾರೂ ಏನನ್ನೂ ತೆಗೆದುಕೊಳ್ಳುವುದಿಲ್ಲ, ಒಂದು ಲೋಟ ಕಾಫಿಯನ್ನು ಕೂಡ. ನಾಲ್ಕನೆಯ ಸಲಕ್ಕೆ ಬೀಗದ ಕೈ ನನ್ನ ಕೈಗೆ ಬಂತು.

ಅವನ ಹಜಾರದ ಗೋಡೆಯಲ್ಲಿ ಅಂಗೈಯಗಲದ ದುಂಡನೆ ಥರ್ಮೋಸ್ಟಾಟ್ ಇದೆ. ಅಂಚು ಹಿಡಿದು ತಿರುಗಿಸಿ ಮುಳ್ಳನ್ನು ಯಾವ ಫ್ಯಾರನ್‌ಹೀಟ್ ಅಂಕಿಗೆ ನಿಲ್ಲಿಸುತ್ತೀರೋ, ಮನೆ ಅಷ್ಟು ಬೆಚ್ಚಗಿರುವಂತೆ ನೆಲಮಾಳಿಗೆಯ ಬಾಯ್ಲರ್ ತಾನೇ ಹತ್ತುತ್ತದೆ, ತಾನೇ ಆರುತ್ತದೆ. ಎಲ್ಲರ ಮನೆಯಲ್ಲೂ ಇರುವುದೇ. ಆದರೆ ರಾಸ್ಮುಸನಿಗೆ ಅದು ಪಂಚಾಂಗ. ಪಕ್ಕದಲ್ಲಿ ಒಂದು ರಟ್ಟು ಅಂಟಿಸಿ ಇಡೀ ವರ್ಷವನ್ನು ಅಂಕಿಗಳಲ್ಲಿ ಬರೆದಿಟ್ಟಿದ್ದ. ಮನೆ ಖಾಲಿಯಿರುವ ಚಳಿಗಾಲಕ್ಕೆ ಐವತ್ತು. ಈಶಾನ್ಯದ ಗಾಳಿ ಎದ್ದರೆ ಐವತ್ತೆರಡು, ಏಕೆಂದರೆ ಆ ಗಾಳಿ ನೇರವಾಗಿ ಸ್ನಾನದ ಮನೆಯ ಗೋಡೆಗೆ ಬಡಿಯುತ್ತದೆ. ಮೇ ತಿಂಗಳಿಗೆ ಅರವತ್ತಾರು. ಜೂನಿನಲ್ಲಿ ಸರೋವರದ ಮಂಜು ಬೀದಿಗೆ ನುಗ್ಗುವ ದಿನಗಳಿಗೆ ಅರವತ್ತು. ಜುಲೈ, ಆಗಸ್ಟ್ ಪೂರಾ ಬಂದ್. ಮೂವತ್ತೆರಡಕ್ಕೆ ನೀರು ಹೆಪ್ಪುಗಟ್ಟುತ್ತದೆ, ಕೊಳವೆ ಒಡೆಯುತ್ತದೆ, ಮನೆ ಹಾಳಾಗುತ್ತದೆ ಎಂದು ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು, ನನಗೆ ಗೊತ್ತಿಲ್ಲವೇನೋ ಎಂಬಂತೆ.

ಅಕ್ಟೋಬರಿನ ಮುಂದೆ ಮಾತ್ರ ಏನೂ ಬರೆದಿರಲಿಲ್ಲ. ನವೆಂಬರ್ ಒಂದಕ್ಕೆ ಮೊದಲು ಬಾಯ್ಲರ್ ಹಚ್ಚುವುದು ನಮ್ಮೂರಲ್ಲಿ ನಾಚಿಕೆಗೇಡು. ಯಾರ ಚಿಮಣಿ ಮೊದಲು ಹೊಗೆಯಾಡಿತೆಂದು ಊರೆಲ್ಲ ಕತ್ತೆತ್ತಿ ನೋಡುತ್ತದೆ. ಒಳಗೆ ನಲವತ್ತೆಂಟು ಡಿಗ್ರಿ ಇದ್ದರೂ ಕೋಟು ಹಾಕಿಕೊಂಡು ಹಲ್ಲು ಕಡಿಯುತ್ತ, "ಹವಾ ಪರವಾಗಿಲ್ಲ" ಎನ್ನಬೇಕು. ಆದರೆ ಬ್ರೆಡ್ ಬೇಯಿಸುವ ಒಲೆಗೆ ಈ ಕಟ್ಟಳೆಯಿಲ್ಲ. ಹಾಗಾಗಿ ಅಕ್ಟೋಬರ್ ಪೂರಾ ನಾನು ದಿನಾ ಏಲಕ್ಕಿ ಬ್ರೆಡ್ ಮಾಡುತ್ತಿದ್ದೆ, ರಾಸ್ಮುಸ್ ಬಂದು ಒಲೆಯ ಪಕ್ಕದ ಕುರ್ಚಿಯಲ್ಲಿ ಮಂಡಿ ಚಾಚಿ ಕೂರುತ್ತಿದ್ದ. ಒಬ್ಬಳಿಗೆ ಎಷ್ಟು ಬ್ರೆಡ್ ಬೇಕು? ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

"ನೀವು ಫಿನ್ಲೆಂಡಿನವ್ರೇ ವಿಚಿತ್ರ," ಎನ್ನುತ್ತಿದ್ದ. "ಶನಿವಾರ ಸೌನಾ ಅಂತ ಹಬೆ ಕೋಣೇಲಿ ಕೂತು ಬೇಯ್ತೀರಿ. ಉಳಿದ ಆರು ದಿನ ಮನೇಲಿ ಹೆಪ್ಪುಗಟ್ತೀರಿ."

"ನಿಮ್ಮ ನಾರ್ವೆಯವ್ರ ಹಾಗೆ ಮೀನನ್ನ ಸುಣ್ಣದ ನೀರಲ್ಲಿ ನೆನಸಿ ತಿನ್ನಲ್ಲವಲ್ಲ, ಪುಣ್ಯ."

ಅವನು ನಕ್ಕರೆ ಶಬ್ದ ಬರುವುದಿಲ್ಲ, ಭುಜ ಮಾತ್ರ ಅಲುಗುತ್ತದೆ.

ಹೊರಡುವ ಹಿಂದಿನ ದಿನ ದೀಪದ ಪರೀಕ್ಷೆ. ಅವನ ಮುಂದಿನ ಕಿಟಕಿಯಲ್ಲಿ ಕೆಂಪು ಬಲ್ಬಿನ ಮೇಜುದೀಪವೊಂದಿತ್ತು. ಅದರ ವೈರು ಒಂದು ಪುಟ್ಟ ಡಬ್ಬಿಗೆ, ಡಬ್ಬಿ ಗೋಡೆಯ ಪ್ಲಗ್ಗಿಗೆ. ಮನೆ ನಲವತ್ತೈದು ಡಿಗ್ರಿಗಿಂತ ತಣ್ಣಗಾದರೆ ಡಬ್ಬಿ ತಾನಾಗಿ ದೀಪ ಹತ್ತಿಸುತ್ತದೆ. ಬಾಯ್ಲರ್ ಕೆಟ್ಟಿದೆ, ಕೊಳವೆ ಒಡೆಯುವ ಮೊದಲು ಓಡಿ ಬನ್ನಿ ಎಂದು ಅರ್ಥ. ಚಳಿಗಾಲಕ್ಕೆ ಊರು ಬಿಡುವವರೆಲ್ಲ ಹೀಗೊಂದು ದೀಪ ಇಟ್ಟು ಹೋಗುತ್ತಾರೆ. ಅದನ್ನು ಪರೀಕ್ಷಿಸಲು ನಾನು ನನ್ನ ಫ್ರೀಜರಿನಿಂದ ಬ್ಲೂಬೆರಿ ಹಣ್ಣಿನ ಚೀಲ ತರುತ್ತಿದ್ದೆ. ಚೀಲವನ್ನು ಡಬ್ಬಿಯ ಮೇಲೆ ಇಡುವುದು, ಕಾಯುವುದು. ಅರೆ ನಿಮಿಷಕ್ಕೆ 'ಟಿಕ್' ಎಂದು ಸಣ್ಣ ಸದ್ದು, ಕೋಣೆಯೆಲ್ಲ ಕೆಂಪು. ಅವನ ಬಿಳಿಯ ಹುಬ್ಬು, ನನ್ನ ಕೈ, ಗೋಡೆಯ ಮೇಲಿನ ಹಡಗಿನ ಚಿತ್ರ, ಎಲ್ಲವೂ ಕೆಂಪು. ಚೀಲ ತೆಗೆದರೂ ಅದು ಸ್ವಲ್ಪ ಹೊತ್ತು ಉರಿಯುತ್ತಿತ್ತು. ಆ ಸ್ವಲ್ಪ ಹೊತ್ತು ನಾವಿಬ್ಬರೂ ಸುಮ್ಮನೆ ನಿಂತಿರುತ್ತಿದ್ದೆವು. ಹೊರಗೆ ಮೊದಲ ಹಿಮ ಉದುರುತ್ತಿದ್ದರೆ ಅದೂ ಕಿಟಕಿಯ ಹತ್ತಿರ ಕೆಂಪಾಗಿ ಕಾಣುತ್ತಿತ್ತು. ಆಮೇಲೆ ದೀಪ ಆರುತ್ತಿತ್ತು, ಅವನು "ಸರಿ, ಕೆಲಸ ಮಾಡುತ್ತೆ" ಎನ್ನುತ್ತಿದ್ದ, ನಾನು ಬ್ಲೂಬೆರಿ ಎತ್ತಿಕೊಂಡು ಮನೆಗೆ ಬರುತ್ತಿದ್ದೆ.

ಚಳಿಗಾಲವಿಡೀ ಆ ದೀಪ ಒಮ್ಮೆಯೂ ಹತ್ತಿದ್ದಿಲ್ಲ. ನಾನು ನೋಡಿಕೊಳ್ಳುವ ಮನೆ ಅದು.

ಮತ್ತೆ ಏಪ್ರಿಲಿನಲ್ಲಿ ಅರಿಜೋನಾದಿಂದ ಕಾರ್ಡು. ಮುಂದೆ ಕಳ್ಳಿಗಿಡದ ಚಿತ್ರ, ಹಿಂದೆ ಎರಡೇ ಅಂಕಿ: 68. ಸಹಿ ಕೂಡ ಇರುತ್ತಿರಲಿಲ್ಲ. ನಾನು ಹೊರಟಿದ್ದೇನೆ, ಮನೆಯನ್ನು ಅರವತ್ತೆಂಟಕ್ಕೆ ತಿರುಗಿಸಿ ಎಂದು ಅದರ ಅರ್ಥ. "ಗಾಳಿ ಒಂದು ಗಂಟೇಲಿ ಬೆಚ್ಚಗಾಗುತ್ತೆ ಲೆಂಪಿ. ಗೋಡೆಗೆ, ಹಾಸಿಗೆಗೆ, ಬೀರುಗೆ ಮೂರು ದಿನ ಬೇಕು" ಎಂದು ಅವನೇ ಹೇಳಿಕೊಟ್ಟಿದ್ದ. ಅಂಚೆ ಕಚೇರಿ ನೋಡಿಕೊಳ್ಳುವವಳು ಸಾಲ್ವೆಗ್, ನನ್ನ ಬಾಲ್ಯದ ಗೆಳತಿ. ಬೇರೆಯವರ ಕಾರ್ಡು ಓದುವುದು ತನ್ನ ಕೆಲಸದ ಭಾಗವೆಂದೇ ನಂಬಿದವಳು. ಪ್ರತಿ ವರ್ಷ ಅದನ್ನು ತಲೆಯ ಮೇಲೆತ್ತಿ ಆಡಿಸುತ್ತ ಬರುತ್ತಿದ್ದಳು.

"ತಗೋಳೇ, ಬಂತು ನಿನ್ನ ಪ್ರೇಮಪತ್ರ! ಎಷ್ಟುದ್ದ ಬರೆದಿದಾನೆ ನೋಡು, ಓದಿ ಓದಿ ಕಣ್ಣು ಸೋತೋಯ್ತು ನಂಗೆ."

"ಹೋಗೇ, ನಿಂಗೆ ಮಾಡೋಕೆ ಬೇರೆ ಕೆಲಸ ಇಲ್ಲ."

ಅವಳು ಹೋದ ಮೇಲೆ ನಾನು ಬೀದಿ ದಾಟಿ, ಥರ್ಮೋಸ್ಟಾಟನ್ನು ಎರಡು ಬೆರಳಿನಲ್ಲಿ ಮೆಲ್ಲನೆ ತಿರುಗಿಸುತ್ತಿದ್ದೆ. ಕೆಳಗೆ ಬಾಯ್ಲರ್ ಗುಡುಗಿ ಎಚ್ಚರಗೊಳ್ಳುತ್ತಿತ್ತು. ಆ ಮೂರು ದಿನ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ, ಹೇಳಿಬಿಡುತ್ತೇನೆ.

ಹೋದ ಫೆಬ್ರುವರಿಯಲ್ಲಿ ಸಾಲ್ವೆಗ್ ಕಾರ್ಡು ಹಿಡಿದು ಬಂದಾಗ ಆಡಿಸುತ್ತಿರಲಿಲ್ಲ. ಮೇಜಿನ ಮೇಲೆ ಮಗುಚಿಟ್ಟು, ಕೋಟೂ ಬಿಚ್ಚದೆ ಕುಳಿತಳು. ಕಾರ್ಡಿನ ತುಂಬ ಅಕ್ಷರ. ಹನ್ನೆರಡು ವರ್ಷದಲ್ಲಿ ರಾಸ್ಮುಸ್ ಬರೆದ ಮೊದಲ ಮಾತುಗಳು ಅವು.

ತಮ್ಮನ ಪಕ್ಕದ ಮನೆ ಖಾಲಿಯಾಗಿದೆ, ಅದರಲ್ಲೇ ಇರಲು ನಿರ್ಧರಿಸಿದ್ದೇನೆ. ಇಲ್ಲಿ ಮಂಡಿ ನೋಯುವುದಿಲ್ಲ. ತೋರ್ವಿಕ್ ಮನೆಯನ್ನು ಕೊಳ್ಳಲು ಮೇ ತಿಂಗಳಲ್ಲಿ ಯಾರೋ ನೋಡಲು ಬರುತ್ತಾರೆ. ಅರವತ್ತೆಂಟು ಬೇಡ, ಅವರಿಗೆ ಐವತ್ತೈದು ಸಾಕು. ಹನ್ನೆರಡು ವರ್ಷ ನಿಮಗೆ ತೊಂದರೆ ಕೊಟ್ಟೆ, ಇನ್ನು ಕೊಡುವುದಿಲ್ಲ.

"ಏನಾದ್ರೂ ಹೇಳೇ," ಎಂದಳು ಸಾಲ್ವೆಗ್.

"ಹೇಳೋದೇನಿದೆ? ಅವರ ಮನೆ, ಅವರಿಷ್ಟ."

"ಫೋನ್ ಮಾಡು. ಬನ್ನಿ ಅನ್ನು. ಎರಡಕ್ಷರ, ಬಾಯಿ ನೋಯಲ್ಲ."

"ನೀನು ಯಾವತ್ತಾದ್ರೂ ಡೆಲ್ಬರ್ಟ್‌ಗೆ ಬಾ ಅಂದಿದೀಯಾ?"

ಅವಳು ಯೋಚಿಸಿದಳು. ಡೆಲ್ಬರ್ಟ್ ಅವಳ ಗಂಡ, ಬೀದಿಯ ಹಿಮ ತಳ್ಳುವ ಲಾರಿ ಓಡಿಸುತ್ತಾನೆ. "ಇಲ್ಲ. ಊಟ ತಣ್ಣಗಾಗ್ತಿದೆ ಅಂತೀನಿ," ಎಂದು ಒಪ್ಪಿಕೊಂಡಳು.

ಅಷ್ಟೇ. ನಮ್ಮವರು ಎಲ್ಲವನ್ನೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಹೇಳುತ್ತಾರೆ. ಅವಳು ಹೋದ ಮೇಲೆ ನಾನು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಅವನು ಬರದಿದ್ದರೆ ಏನು ಹೋಗುತ್ತದೆ ನನಗೆ? ಅಕ್ಟೋಬರ್ ಹೋಗುತ್ತದೆ. ಏಪ್ರಿಲಿನ ಮೂರು ದಿನ ಹೋಗುತ್ತವೆ. ಸೋಮವಾರಗಳು ಹೋಗುತ್ತವೆ. ಉಳಿಯುವುದೇನು ಎಂದು ಹುಡುಕಿದರೆ ಕೈಗೆ ಏನೂ ಸಿಗಲಿಲ್ಲ. ಎಲ್ಲಕ್ಕಿಂತ ಉರಿದದ್ದು ಆ ಒಂದು ಮಾತಿಗೆ. ತೊಂದರೆಯಂತೆ, ತೊಂದರೆ!

ಮೂರು ದಿನ ನಿದ್ದೆಯಲ್ಲಿ ನಡೆದವಳಂತೆ ಓಡಾಡಿದೆ. ನಾಲ್ಕನೆಯ ದಿನ ಸೋಮವಾರ. ಪಾತ್ರೆಯಿಂದ ತಲೆಯೆತ್ತಿದಾಗ ಎದುರು ಕಿಟಕಿಯ ದೀಪ ಕಂಡಿತು, ಆರಿದ್ದು. ಆಗ ಹೊಳೆಯಿತು: ಈ ದೀಪ ಹತ್ತಿದರೆ ಅವನಿಗೆ ಫೋನ್ ಮಾಡಲೇಬೇಕು. ಅದು ಕಟ್ಟಳೆ. ಆಗ ನಾಚಬೇಕಿಲ್ಲ, "ದೀಪ ಹತ್ತಿದೆ" ಎಂದರಾಯಿತು. ಬಾಯ್ಲರಿನ ಮನುಷ್ಯ ಅವನು, ಬಾಯ್ಲರ್ ಕೆಟ್ಟಿದೆಯೆಂದರೆ ಹಾಸಿಗೆ ಬಿಟ್ಟೆದ್ದು ಬರುತ್ತಾನೆ.

ಸುಮ್ಮನೆ ಫೋನ್ ಮಾಡಿ ಹತ್ತಿದೆ ಎನ್ನಬಹುದಿತ್ತು. ಅದು ಸುಳ್ಳು. ಬ್ಲೂಬೆರಿ ಚೀಲ ಇಟ್ಟರೆ ಅರೆ ನಿಮಿಷದಲ್ಲಿ ಹತ್ತುತ್ತಿತ್ತು. ಅದೂ ಸುಳ್ಳೇ, ಮನೆ ಬೆಚ್ಚಗಿರುವಾಗ ಅಲ್ಲವೆಂದು ದೀಪದ ಬಾಯಲ್ಲಿ ಹೇಳಿಸಿದ ಹಾಗೆ. ದೀಪ ನಿಜವಾಗಿ ಹತ್ತಬೇಕೆಂದರೆ ಮನೆ ನಿಜವಾಗಿ ತಣ್ಣಗಾಗಬೇಕು. ನಗಬೇಡಿ. ಆ ಬೆಳಿಗ್ಗೆ ಇದು ನನಗೆ ಬಹಳ ಪ್ರಾಮಾಣಿಕವಾದ ದಾರಿಯಾಗಿ ಕಂಡಿತು.

ಹೊರಗೆ ಸೊನ್ನೆಗಿಂತ ಹನ್ನೆರಡು ಕೆಳಗೆ. ಕಾಫಿ ಫ್ಲಾಸ್ಕು, ಎರಡು ಕಂಬಳಿ ಹೊತ್ತು ಬೀದಿ ದಾಟಿದೆ. ಕೆಟ್ಟ ಕೆಲಸವನ್ನಾದರೂ ಅಚ್ಚುಕಟ್ಟಾಗಿ ಮಾಡಬೇಕು. ನಲ್ಲಿಗಳನ್ನೆಲ್ಲ ಒಂದು ಎಳೆ ಸಡಿಲಿಸಿದೆ, ತೊಟ್ಟಿಕ್ಕುವ ನೀರು ಹೆಪ್ಪುಗಟ್ಟುವುದಿಲ್ಲ. ಸ್ನಾನದ ಮನೆಯ ಗೋಡೆಯ ಕೊಳವೆಗೆ ಒಂದು ಕಂಬಳಿ ಸುತ್ತಿದೆ. ಆಮೇಲೆ ಥರ್ಮೋಸ್ಟಾಟಿನ ಮುಂದೆ ನಿಂತು, ಅಂಚು ಹಿಡಿದು, ಐವತ್ತರಿಂದ ನಲವತ್ತಕ್ಕೆ ತಿರುಗಿಸಿದೆ. ಕೆಳಗೆ ಬಾಯ್ಲರ್ ಒಮ್ಮೆ ನಿಟ್ಟುಸಿರಿಟ್ಟು ಸುಮ್ಮನಾಯಿತು.

ಇನ್ನೊಂದು ಕಂಬಳಿ ಹೊದ್ದು ಕಿಟಕಿಯ ಪಕ್ಕ ಅವನ ಕುರ್ಚಿಯಲ್ಲಿ ಕೂತೆ.

ಮನೆಯೊಂದು ತಣ್ಣಗಾಗುವುದನ್ನು ನೀವು ಕೂತು ಕೇಳಿದ್ದೀರಾ? ಮೊದಲು ಬಾಯ್ಲರಿನ ಬಿಸಿನೀರು ಹರಿಯುವ ಕಬ್ಬಿಣದ ರೇಡಿಯೇಟರುಗಳು ಟಿಕ್ ಟಿಕ್ ಎನ್ನುತ್ತವೆ, ದೂರದೂರ, ಒಂದಾದ ಮೇಲೊಂದು. ಆಮೇಲೆ ಅವೂ ಮಾತು ಬಿಡುತ್ತವೆ. ಅಡುಗೆಮನೆಯಲ್ಲಿ ನಲ್ಲಿ ಒಂದು ಹನಿ, ಸ್ನಾನದ ಮನೆಯಲ್ಲಿ ಒಂದು ಹನಿ, ಅವೆರಡರ ನಡುವೆ ಗಡಿಯಾರ. ಕಿಟಕಿಯ ಗಾಜಿನ ಕೆಳ ಅಂಚಿನಿಂದ ಮಂಜಿನ ಎಲೆಗಳು ಮೇಲಕ್ಕೆ ಹಬ್ಬತೊಡಗಿದವು, ಕಣ್ಣೆದುರೇ. ಆಚೆ ಸರೋವರ ಹಬೆಯಾಡುತ್ತಿತ್ತು. ಅಂಥ ಚಳಿಯಲ್ಲಿ ನೀರೇ ಬೆಚ್ಚಗಿರುತ್ತದಲ್ಲ, ಬಿಳಿ ಹಬೆ ಕಂಬಕಂಬವಾಗಿ ಎದ್ದು ದಡದ ಕಡೆ ನಡೆದು ಬರುತ್ತಿತ್ತು.

ನಲವತ್ತೊಂಬತ್ತು. ಕಾಫಿ ಕುಡಿದೆ. ಕಣ್ಣು ಎಳೆಯಿತು. ಇಳಿಯುತ್ತಿರುವುದು ಮುಳ್ಳಲ್ಲ, ನಾನೇ ಒಂದೊಂದು ಮೆಟ್ಟಿಲಾಗಿ ಎಲ್ಲಿಗೋ ಇಳಿಯುತ್ತಿದ್ದೇನೆ ಅನ್ನಿಸಿತು. ಅಂಕಿಗಳೆಲ್ಲ ಕೋಣೆಗಳಾದವು. ಅರವತ್ತಾರರ ಬಾಗಿಲು ತೆರೆದರೆ ಒಳಗೆ ಮೇ ತಿಂಗಳು, ರಾಸ್ಮುಸ್ ಬೇಲಿಗೆ ಬಣ್ಣ ಹಚ್ಚುತ್ತ, "ಬಾಯ್ಲರ್ ಆರಿಸ್ಲಾ ಲೆಂಪಿ?" ಎಂದು ಕೂಗಿ ಕೇಳುತ್ತಿದ್ದ. "ಬೇಡ, ಸರೋವರದಲ್ಲಿ ಇನ್ನೂ ಮಂಜುಗಡ್ಡೆ ಇದೆ" ಎಂದೆ. ಅರವತ್ತರ ಬಾಗಿಲಲ್ಲಿ ಜೂನಿನ ಮಂಜು, ಎದುರು ಮನೆಯೂ ಕಾಣದಷ್ಟು ದಟ್ಟ, ಅದರೊಳಗಿಂದ ಅವನ ಕೆಮ್ಮು ಮಾತ್ರ ಕೇಳುತ್ತಿತ್ತು. ಅಷ್ಟೇ ಸಾಕಾಗಿತ್ತು ನನಗೆ, ಇದ್ದಾನೆ ಎಂದು ತಿಳಿಯಲು. ಜುಲೈಗೆ ಅಂಕಿಯೇ ಇಲ್ಲ, ಗೋಡೆಯೂ ಇಲ್ಲದ ಕೋಣೆ, ಕಿಟಕಿಗಳೆಲ್ಲ ತೆರೆದು ಪರದೆಗಳು ಹೊರಗೆ ಹಾರುತ್ತಿದ್ದವು. ಅಕ್ಟೋಬರಿನ ಕೋಣೆಯಲ್ಲಿ ಏಲಕ್ಕಿಯ ಪರಿಮಳ. ನಾನು ಅಲ್ಲೇ ನಿಂತುಬಿಟ್ಟೆ. ಅಮ್ಮ ಕೂಡ ಅಲ್ಲಿದ್ದಳು, ಅವಳು ಹೋಗಿ ಮೂವತ್ತು ವರ್ಷವಾಯಿತು, ಹಿಟ್ಟು ಮೆತ್ತಿದ ಕೈಯಿಂದ ನನ್ನ ಕೆನ್ನೆ ಮುಟ್ಟಿ, "ಒಲೆ ಹತ್ರ ಯಾರನ್ನಾದ್ರೂ ಕೂರಿಸ್ಕೊಂಡ್ರೆ ಕೊನೇವರೆಗೂ ಬೆಚ್ಚಗಿಡ್ಬೇಕು ಮಗಳೇ" ಎಂದಳು. ಅವಳು ಬದುಕಿದ್ದಾಗ ಹಾಗೆ ಹೇಳಿದ ನೆನಪಿಲ್ಲ.

ಕಣ್ಣು ಬಿಟ್ಟಾಗ ಸಂಜೆ. ಉಸಿರು ಬಿಟ್ಟರೆ ಹೊಗೆಯಂತೆ ಕಾಣುತ್ತಿತ್ತು, ಕಾಲ್ಬೆರಳು ನನ್ನವೇ ಅಲ್ಲ ಅನ್ನಿಸುತ್ತಿತ್ತು. ಕಂಬಳಿ ಕೆಂಪಾಗಿತ್ತು. ನನ್ನ ಕೈ ಕೆಂಪಾಗಿತ್ತು. ಗೋಡೆಯ ಮೇಲಿನ ಹಡಗು ಕೆಂಪು ನೀರಿನಲ್ಲಿ ತೇಲುತ್ತಿತ್ತು. ಈಗ ಪರೀಕ್ಷೆ ಮುಗಿಯುತ್ತದೆ, ಅವನು "ಸರಿ, ಕೆಲಸ ಮಾಡುತ್ತೆ" ಎನ್ನುತ್ತಾನೆ ಎಂದು ಕಾದೆ. ಯಾರೂ ಏನೂ ಅನ್ನಲಿಲ್ಲ. ದೀಪ ನಿಜವಾಗಿ ಹತ್ತಿತ್ತು.

ನಾನೊಬ್ಬಳೇ ಆ ಕಿಟಕಿ ನೋಡುವವಳು ಎಂದುಕೊಂಡಿದ್ದೆನಲ್ಲ, ಅದೇ ನನ್ನ ಮೂರ್ಖತನ. ಎದ್ದು ಫೋನಿನ ಕಡೆ ಹೆಜ್ಜೆ ಇಡುವಷ್ಟರಲ್ಲಿ ಬೀದಿಯಲ್ಲಿ ಲಾರಿಯ ಹಾರನ್ನು ಬಡಿದುಕೊಂಡಿತು. ಬಾಗಿಲು ದಡಾರನೆ ತೆರೆಯಿತು. ಡೆಲ್ಬರ್ಟ್ ಸಲಕರಣೆಯ ಪೆಟ್ಟಿಗೆ ಎತ್ತಿಕೊಂಡು ನುಗ್ಗಿದ, ಹಿಂದೆ ಸಾಲ್ವೆಗ್ ಬಿಸಿ ಆಲೂಗಡ್ಡೆಯ ಬೋಗುಣಿ ಹಿಡಿದು, ಅವಳ ಹಿಂದೆ ಐದಾರು ಮಂದಿ ಸಲಿಕೆ, ಬಕೆಟ್ಟು, ಹೀಟರು ಹೊತ್ತು. ಊರು ಊರೇ ಬಂದಿತ್ತು.

"ಅಯ್ಯೋ ಲೆಂಪಿಯವ್ರೇ, ನಮಗಿಂತ ಮೊದ್ಲೇ ಬಂದ್ಬಿಟ್ಟಿದೀರಲ್ಲ!" ಎಂದ ಡೆಲ್ಬರ್ಟ್. "ಹೆದರ್ಬೇಡಿ. ಬಾಯ್ಲರ್ ನಾನು ನೋಡ್ತೀನಿ."

"ರಾಸ್ಮುಸ್‌ಗೂ ಫೋನ್ ಮಾಡಿ ಹೇಳ್ದೆ," ಎಂದಳು ಸಾಲ್ವೆಗ್. "ಈಗ್ಲೇ ಇಲ್ಲಿಗೆ ಮಾಡ್ತೀನಿ ಅಂದ್ರು. ಪಾಪ, ಲೆಂಪಿ ಎಷ್ಟು ಗಾಬರಿ ಆಗಿದಾಳೆ ನೋಡ್ರೀ."

ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಹೊದ್ದಿದ್ದ ಕಂಬಳಿಯನ್ನು ಕುರ್ಚಿಯ ಮೇಲೆ ಹಾಕಿದೆ. ಡೆಲ್ಬರ್ಟ್ ಹಜಾರಕ್ಕೆ ಹೋದವನು ಅಲ್ಲೇ ನಿಂತ. ಟೋಪಿ ತೆಗೆದು ತಲೆ ಕೆರೆದುಕೊಂಡ.

"ಅಲ್ಲಾ, ಇದನ್ಯಾರು ನಲವತ್ತಕ್ಕೆ ತಿರುಗಿಸಿದ್ದು?"

ಎಲ್ಲರೂ ಥರ್ಮೋಸ್ಟಾಟ್ ನೋಡಿದರು, ಆಮೇಲೆ ನನ್ನ ಫ್ಲಾಸ್ಕು ನೋಡಿದರು, ಆಮೇಲೆ ಕುರ್ಚಿಯ ಮೇಲಿನ ಕಂಬಳಿ. ಆಗ ಫೋನ್ ಹೊಡೆದುಕೊಂಡಿತು. ಯಾರೂ ಮುಟ್ಟಲಿಲ್ಲ. ನಾನೇ ಎತ್ತಿಕೊಂಡೆ.

"ಲೆಂಪಿ? ದೀಪ ಹತ್ತಿದೆಯಂತೆ."

"ಹತ್ತಿದೆ."

"ಬಾಯ್ಲರ್ ಕೆಟ್ಟಿದೆಯಾ?"

"ಇಲ್ಲ. ಚೆನ್ನಾಗಿದೆ."

"ಎಣ್ಣೆ ಮುಗೀತಾ?"

"ಅರ್ಧ ಟ್ಯಾಂಕ್ ಇದೆ."

"ಕರೆಂಟು?"

"ಕರೆಂಟಿಲ್ದೆ ದೀಪ ಹೇಗೆ ಹತ್ತುತ್ತೆ ರಾಸ್ಮುಸ್?"

"ಹೌದಲ್ಲ. ಮತ್ತೆ?"

ಎಂಟು ಜನ ಕೆಂಪು ಬೆಳಕಿನಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು. ಸಾಲ್ವೆಗ್ ಬೋಗುಣಿಯನ್ನು ಮಗುವಿನಂತೆ ಎದೆಗೆ ಅವಚಿಕೊಂಡಿದ್ದಳು.

"ನಾನೇ ತಿರುಗಿಸ್ದೆ," ಎಂದೆ. "ನಲವತ್ತಕ್ಕೆ."

ತಂತಿಯ ಆ ತುದಿಯಲ್ಲಿ ಟಿವಿ ಹಾಡುವುದು ಕೇಳಿಸಿತು, ಯಾವುದೋ ನಾಯಿ ಬೊಗಳಿತು.

"ನಲ್ಲಿಗಳು?"

"ಬಿಟ್ಟಿದೀನಿ. ತೊಟ್ಟಿಕ್ತಿವೆ."

"ಸ್ನಾನದ ಮನೆ ಗೋಡೆ?"

"ಕಂಬಳಿ ಸುತ್ತಿದೀನಿ."

"ಎಲ್ಲಾ ಸರಿಯಾಗೇ ಮಾಡಿದೀರಿ," ಎಂದ, ನಿಜವಾಗಿ ಮೆಚ್ಚಿಕೊಂಡು. ಆಮೇಲೆ ಮೆಲ್ಲನೆ, "ಯಾಕೆ ಲೆಂಪಿ?"

ಆಗ ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಅಳು ಬರುತ್ತಿತ್ತು.

"ಯಾಕೆ ಅಂದ್ರೆ? ತೊಂದ್ರೆ ಅಂತ ಬರೆದ್ರಲ್ಲ, ಅದಕ್ಕೆ! ತೊಂದ್ರೆ ಅಂತ ನಿಮ್ಗೆ ಹೇಳಿದ್ಯಾರು? ನಾನು ಹೇಳಿದ್ನಾ? ವಾರದಲ್ಲಿ ನಂಗೆ ಇರೋದೇ ಒಂದು ದಿನ, ಸೋಮವಾರ. ಉಳಿದ ಆರು ದಿನ ಅದಕ್ಕೆ ಕಾಯೋದು. ದಿನಾ ಬ್ರೆಡ್ ಮಾಡ್ತಿದ್ದೆನಲ್ಲ ಅಕ್ಟೋಬರಲ್ಲಿ, ಒಬ್ಬಳೇ ತಿನ್ನೋಕೆ ಮಾಡ್ತಿದ್ನಾ? ಐವತ್ತೈದಂತೆ! ಯಾರೋ ಗೊತ್ತಿಲ್ಲದವ್ರಿಗೆ ನಾನು ಈ ಮನೇನ ಐವತ್ತೈದಕ್ಕೆ ತಿರುಗಿಸ್ಬೇಕಂತೆ! ತಿರುಗಿಸಲ್ಲ. ಬೇಕಿದ್ರೆ ನೀವೇ ಬಂದು ತಿರುಗಿಸ್ಕೊಳ್ಳಿ."

ಅಷ್ಟು ಮಾತನ್ನು ನಾನು ಒಟ್ಟಿಗೆ ಯಾರಿಗೂ ಆಡಿದ್ದಿಲ್ಲ. ಕೋಣೆಯಲ್ಲಿ ಯಾರೋ ಕೆಮ್ಮಿದರು.

"ಅಲ್ಲಿನ ಚಳೀಲಿ ಮಂಡಿ ನೋಯುತ್ತೆ ಲೆಂಪಿ," ಎಂದ ರಾಸ್ಮುಸ್.

"ಅಕ್ಟೋಬರಲ್ಲಿ ನೋಯ್ತಿರ್ಲಿಲ್ವಾ?"

"ನಿಮ್ಮ ಒಲೆ ಪಕ್ಕ ನೋಯ್ತಿರ್ಲಿಲ್ಲ."

"ಒಲೆ ಎಲ್ಲಿಗೂ ಹೋಗಿಲ್ಲ."

ಟಿವಿಯ ಸದ್ದು ನಿಂತಿತು. ಯಾರೋ ಅದನ್ನು ಆರಿಸಿದ್ದರು. ಅಡುಗೆಮನೆಯ ನಲ್ಲಿ ಹನಿ, ಹನಿ ಎನ್ನುತ್ತಿತ್ತು.

"ಅರವತ್ತೆಂಟು," ಎಂದ ರಾಸ್ಮುಸ್.

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಅರವತ್ತೆಂಟಕ್ಕೆ ಇಡಿ. ಅಷ್ಟು ತಣ್ಣಗಾದ ಗೋಡೆ ಬೆಚ್ಚಗಾಗೋಕೆ ಮೂರು ದಿನ ಬೇಕು. ಬಸ್ಸಿಗೂ ಅಷ್ಟೇ."

ಫೋನ್ ಇಟ್ಟೆ. ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹಜಾರಕ್ಕೆ ನಡೆದು, ಎರಡು ಬೆರಳಿನಲ್ಲಿ ಅಂಚು ಹಿಡಿದು ತಿರುಗಿಸಿದೆ: ಐವತ್ತು ದಾಟಿತು, ಐವತ್ತೈದು ದಾಟಿತು, ಅರವತ್ತು. ಅರವತ್ತೆಂಟರಲ್ಲಿ ನಿಲ್ಲಿಸಿದೆ. ನೆಲದ ಕೆಳಗೆ ಬಾಯ್ಲರ್ ಗುಡುಗಿತು.

"ಏನಂದ್ರೇ? ಏನಂದ್ರು ಹೇಳೇ!" ಸಾಲ್ವೆಗ್ ತೋಳು ಹಿಡಿದು ಅಲುಗಿಸಿದಳು.

ಹೇಳಬೇಕಾಗಲಿಲ್ಲ. ಡೆಲ್ಬರ್ಟ್ ನನ್ನ ಭುಜದ ಮೇಲಿನಿಂದ ಬಗ್ಗಿ ಮುಳ್ಳು ನೋಡಿದ, ಹಿಂದಕ್ಕೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಅಂಕಿಯನ್ನು ಓದಿದ. ಸಾಲ್ವೆಗ್ ಬೋಗುಣಿಯನ್ನು ರೇಡಿಯೇಟರಿನ ಮೇಲಿಟ್ಟು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. "ಎಂಥಾ ಹುಚ್ಚು ಮುಂಡೇದೇ ನೀನು," ಎಂದಳು ಅಳುತ್ತಲೇ. "ನಂಗೊಂದು ಮಾತು ಹೇಳಿದ್ರೆ ನಾನೂ ಬಂದು ಜೊತೇಲಿ ಕೂರ್ತಿದ್ದೆ."

ಯಾರೂ ಹೊರಡಲಿಲ್ಲ. ಕೋಟು ಹಾಕಿಕೊಂಡೇ ನಿಂತು ಆಲೂಗಡ್ಡೆ ತಿಂದರು, ಸಲಿಕೆಗಳನ್ನು ಗೋಡೆಗೆ ಒರಗಿಸಿ. ಹವೆಯ ಬಗ್ಗೆ ಮಾತಾಡಿದರು. ನನ್ನ ಬಗ್ಗೆ ನಾಳೆಯಿಂದ ಮಾತಾಡುತ್ತಾರೆಂದು ನನಗೆ ಗೊತ್ತಿತ್ತು. ರೇಡಿಯೇಟರುಗಳು ಒಂದೊಂದಾಗಿ ಟಿಕ್ ಟಿಕ್ ಎನ್ನತೊಡಗಿದವು. ಗಂಟೆ ಕಳೆದ ಮೇಲೆ ಕಿಟಕಿಯ ದೀಪ ಸಣ್ಣ ಸದ್ದು ಮಾಡಿ ಆರಿತು.

ಮರುದಿನ ಬೆಳಿಗ್ಗೆ ಎದ್ದು ಹಿಟ್ಟು ನಾದಿದೆ, ಏಲಕ್ಕಿ ಕುಟ್ಟಿದೆ. ಅಕ್ಟೋಬರ್ ಅಲ್ಲ, ಫೆಬ್ರುವರಿ. ಇರಲಿ. ಇಬ್ಬರಿಗೆ ಎಷ್ಟು ಬ್ರೆಡ್ ಬೇಕೆಂದು ನನಗೆ ಹನ್ನೆರಡು ವರ್ಷದಿಂದ ಗೊತ್ತು.